ಟಾಯರಿನ ಬೆಂಕಿಗೆ ಕೆಂಡವಿಲ್ಲ

ಜರಡಿ ಆಡಿಸುತ್ತಿದ್ದೆ. ಉಸುಕು ಕೆಳಗೆ ಬೀಳುತ್ತಿತ್ತು. ಚುರುಮುರಿ ಮೇಲೆ ಕುಣಿಯುತ್ತಿತ್ತು. ಕಾದ ಉಸುಕು ಅದು. ಹಾರಿ ಕೈ ಮೇಲೆ ಬಿದ್ದರೆ ಚುರ್ ಅನ್ನುತ್ತದೆ. ನನ್ನ ಎರಡೂ ಮುಂಗೈ ತುಂಬ ಸಣ್ಣ ಸಣ್ಣ ಸುಟ್ಟ ಕಲೆಗಳು. ಒಂದು ಮದುವೆಯಲ್ಲಿ ಮೆಹಂದಿ ಹಚ್ಚುವ ಹುಡುಗಿ ನನ್ನ ಕೈ ಹಿಡಿದು ನೋಡಿ, "ಅಜ್ಜಿ, ನಿಮಗ ಆಗಲೇ ಯಾರೋ ಹಚ್ಯಾರಲ್ಲ" ಅಂದು ನಕ್ಕಿದ್ದಳು. ನಾನೂ ನಕ್ಕಿದ್ದೆ. ಈಗಾದರೆ ನಗುವುದಿಲ್ಲ.

ನಮ್ಮದು ಸವಣೂರು. ಊರ ಹೊರಗೆ ಅಕ್ಬರಸಾಬರ ಚುರುಮುರಿ ಭಟ್ಟಿ. ನನ್ನ ಹೆಸರು ಹಾಜರಾಬಿ. ನಾನು ಈ ಭಟ್ಟಿಗೆ ಬಂದಾಗ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಈಗ ಎಲ್ಲ ಬೆಳ್ಳಗಿರಬೇಕಿತ್ತು. ಇಲ್ಲ. ಮಸಿ ಕೂತು ಕೂತು ಒಂಥರಾ ಬೂದು ಬಣ್ಣ. "ಪುಗಸಟ್ಟೆ ಬಣ್ಣ ಹಾಜರಾಬಿ, ಅಂಗಡ್ಯಾಗ ಕೊಂಡ್ರ ಎಷ್ಟ ಆಕೈತಿ ಗೊತ್ತೇನು?" ಅನ್ನುತ್ತಾರೆ ಅಕ್ಬರಸಾಬರು.

ಭಟ್ಟಿಗೆ ಎರಡು ಕಡೆ. ಮುಂದೆ ದೊಡ್ಡ ಕಬ್ಬಿಣದ ಕಡಾಯಿ, ಅದರಲ್ಲಿ ಉಸುಕು. ಅಲ್ಲಿ ವೀರವ್ವ ನಿಲ್ಲುತ್ತಾಳೆ. ಉಪ್ಪುನೀರು ಹಾಕಿ ಬೆಚ್ಚಗೆ ಮಾಡಿದ ಅಕ್ಕಿಯನ್ನು ಉಸುಕಿಗೆ ಸುರಿಯುತ್ತಾಳೆ. ಪಟಪಟ ಅರಳುತ್ತದೆ. ಜಾಲರಿಯಿಂದ ಎತ್ತಿ ನನ್ನ ಜರಡಿಗೆ ಹಾಕುತ್ತಾಳೆ. ಹಿಂದಿನ ಕಡೆ ಒಂದು ತಗ್ಗು, ಹೆಂಗಸಿನ ಸೊಂಟದಷ್ಟು ಆಳ. ಅಲ್ಲಿ ಬೆಂಕಿಯ ಬಾಯಿ. ಆ ತಗ್ಗಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ದಿನವಿಡೀ ಬೆಂಕಿಗೆ ಉಣಿಸುವವಳು ಮಾಸೂಮಾ. ನನ್ನ ತಂಗಿಯ ಮಗಳು. ತಂಗಿ ಸತ್ತಳು, ಇವಳು ನನ್ನ ಹತ್ತಿರವೇ ಬೆಳೆದಳು. ನನಗೆ ಖಾಲಾ ಅನ್ನುತ್ತಾಳೆ. ಈಗ ಅವಳಿಗೇ ಮೊಮ್ಮಗು.

ಆವತ್ತು ಜರಡಿ ಆಡಿಸುತ್ತಿದ್ದಾಗ ತಗ್ಗಿನಿಂದ ಅವಳ ಕೆಮ್ಮು ಕೇಳಿತು. ಕೆಮ್ಮು ಹೊಸದಲ್ಲ. ಆದರೆ ಆವತ್ತು ಅದು ನಿಲ್ಲಲೇ ಇಲ್ಲ. ನಾನು ಜರಡಿ ಕೆಳಗಿಟ್ಟು ಹೋಗಿ ಬಗ್ಗಿ ನೋಡಿದೆ. ಮಾಸೂಮಾ ಒಂದು ಕೈ ನೆಲಕ್ಕೆ ಊರಿ ಇನ್ನೊಂದು ಕೈಯಲ್ಲಿ ಟಾಯರಿನ ತುಂಡು ಹಿಡಿದಿದ್ದಳು. ಉಗುಳಿದಳು. ಕರ್ರಗಿತ್ತು.

"ಮ್ಯಾಲ ಬಾ, ಸ್ವಲ್ಪ ಗಾಳಿ ತಗೋ."

"ಬೆಂಕಿ ಇಳಿದ್ರ ಬೈತಾರ ಖಾಲಾ."

"ಶಿಗ್ಗಾವಿ ಡಾಕ್ಟರ ಏನಂದಾರ? ಹೊಗಿಯಿಂದ ದೂರ ಇರು ಅಂದಾರಲ್ಲ?"

"ನಾ ಎಲ್ಲಿಗೆ ದೂರ ಹೋಗ್ಲಿ? ಹೊಗಿಗೆ ಹೇಳಂತ ಹೇಳು ಅವ್ರಿಗೆ, ನನ್ನಿಂದ ದೂರ ಇರಂತ."

ಕೈಯಲ್ಲಿದ್ದ ಟಾಯರನ್ನು ಬೆಂಕಿಗೆ ಒಗೆದಳು. ಅದು ಒಮ್ಮೆ ಬುಸುಗುಟ್ಟಿತು. ಹೊಗೆ ನನ್ನ ಮುಖಕ್ಕೆ ಬಂತು.

ಈ ಭಟ್ಟಿಗೆ ಟಾಯರು ಮೊದಲಿನಿಂದ ಬಂದದ್ದಲ್ಲ. ಅಕ್ಬರಸಾಬರ ತಾಯಿ ರಮಜಾನಬಿ ಭಟ್ಟಿ ನಡೆಸುವಾಗ ಜಾಲಿ ಕಟ್ಟಿಗೆ ಉರಿಯುತ್ತಿತ್ತು, ಆಡೂರಿನ ಅಕ್ಕಿ ಗಿರಣಿಯಿಂದ ಬಂದ ಭತ್ತದ ಹೊಟ್ಟು ಉರಿಯುತ್ತಿತ್ತು. ಹೊಗೆ ಆಗಲೂ ಇತ್ತು. ಕಣ್ಣು ಉರಿಯುತ್ತಿತ್ತು, ಅಷ್ಟೆ. ಎದೆ ಉರಿಯುತ್ತಿರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ರಮಜಾನಬಿ ತಾವೇ ತಗ್ಗಿಗೆ ಇಳಿದು ಕೆಂಡ ಎಳೆಯುತ್ತಿದ್ದರು. ನಾವೆಲ್ಲ ಬೋಕಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದೆವು. ಬೋಕಿ ಅಂದರೆ ಮತ್ತೇನಿಲ್ಲ, ಒಡೆದ ಗಡಿಗೆಯ ತಳ. ಒಬ್ಬೊಬ್ಬರ ಬೋಕಿಗೂ ಇಕ್ಕಳದಿಂದ ಕೆಂಡ ಹಾಕಿ ಮೇಲೆ ಬೂದಿ ಮುಚ್ಚುತ್ತಿದ್ದರು. ಅದನ್ನು ತಲೆ ಮೇಲಿಟ್ಟುಕೊಂಡು ಮನೆಗೆ ಹೋದರೆ ರಾತ್ರಿಯ ಒಲೆ ಹೊತ್ತಿದ ಹಾಗೆ. ಒಂದು ಹಿಡಿ ಪುಳ್ಳೆ ಸೇರಿಸಿದರೆ ಸಾಕು, ರೊಟ್ಟಿ ಆಗುತ್ತಿತ್ತು, ಬೇಳೆ ಬೇಯುತ್ತಿತ್ತು, ಮಕ್ಕಳ ಕಾಲು ಬೆಚ್ಚಗಾಗುತ್ತಿತ್ತು.

ಒಮ್ಮೆ ಯಾರೋ ಹೋಟೆಲಿನವನು ಬಂದು, ಕೆಂಡ ನನಗೆ ಕೊಡ್ರಿ, ರೊಕ್ಕ ಕೊಡ್ತೇನಿ ಅಂದನಂತೆ. ರಮಜಾನಬಿ ಇಕ್ಕಳ ತೋರಿಸಿದರಂತೆ. "ನೀರು, ಹುಲ್ಲು, ಬೆಂಕಿ. ಈ ಮೂರಕ್ಕ ಧಣಿ ಇಲ್ಲ. ಹಿರೇರು ಹೇಳ್ಯಾರ. ದುಡಿದ ಹೆಣ್ಣಮಕ್ಕಳ ಬೆಂಕಿ ಮಾರಿ ನಾ ಯಾವ ನರಕಕ್ಕ ಹೋಗ್ಲಿ?" ಅಂದರಂತೆ. ಹೀಗೆ ನಮಗೆ ಸಂಜೆಯ ಕೆಂಡ ಕೂಲಿಯಷ್ಟೇ ಗಟ್ಟಿಯಾದ ಹಕ್ಕಾಗಿತ್ತು. ಯಾರೂ ಬರೆದು ಕೊಟ್ಟಿರಲಿಲ್ಲ. ಬರೆಯುವುದು ಬೇಕಿರಲಿಲ್ಲ.

ಆಮೇಲೆ ನಮ್ಮ ಮನೆಗೆ ಗ್ಯಾಸು ಬಂತು. ಪುಗಸಟ್ಟೆ ಒಲೆ, ಪುಗಸಟ್ಟೆ ಸಿಲಿಂಡರು. ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಮಗು ಎತ್ತಿಕೊಂಡ ಹಾಗೆ ಅದರ ಮೇಲೆ ಕೈ ಇಡು ಅಂದರು, ಇಟ್ಟೆ. ನಗು ಅಂದರು, ನಕ್ಕೆ. ಇನ್ನು ಮೇಲೆ ನಿಮ್ಮ ಮನೆಯಲ್ಲಿ ಹೊಗೆ ಇಲ್ಲ ಅಂದರು. ಮುಂದೆ ರೇಷನ್ ಅಂಗಡಿಗೆ ಹೋದಾಗ ಚಿಮಣಿ ಎಣ್ಣೆ ಇಲ್ಲ ಅಂದರು. ಗ್ಯಾಸ್ ಇದ್ದವರಿಗೆ ಎಣ್ಣೆ ಕೊಡುವುದಿಲ್ಲವಂತೆ. ಆಯಿತು, ಗ್ಯಾಸ್ ಇದೆಯಲ್ಲ ಅಂದುಕೊಂಡೆ. ಗ್ಯಾಸು ಮುಗಿಯಿತು. ತುಂಬಿಸಲು ಹೋದರೆ ಅದರ ಬೆಲೆ ಕೇಳಿ ಖಾಲಿ ಸಿಲಿಂಡರನ್ನು ಹಾಗೇ ತಲೆ ಮೇಲೆ ಹೊತ್ತು ವಾಪಸು ಬಂದೆ. ಖಾಲಿಯದೇ ಅಷ್ಟು ಭಾರ. ಈಗ ಅದು ಮನೆಯ ಮೂಲೆಯಲ್ಲಿದೆ. ಮಾಸೂಮಾ ಕೆಂಪು ನೂಲಿನಲ್ಲಿ ಹೆಣೆದು ಅದಕ್ಕೊಂದು ಹೊದಿಕೆ ಹಾಕಿದ್ದಾಳೆ. ಬಂದವರು ಅದರ ಮೇಲೆ ಕೂರುತ್ತಾರೆ. ಸರಕಾರದ ಲೆಕ್ಕದಲ್ಲಿ ನಾನು ಗ್ಯಾಸಿನಲ್ಲಿ ಅಡುಗೆ ಮಾಡುವವಳು. ನನ್ನ ಲೆಕ್ಕದಲ್ಲಿ ಸರಕಾರ ನನಗೊಂದು ಕಬ್ಬಿಣದ ಸ್ಟೂಲು ಕೊಟ್ಟು ನನ್ನ ಚಿಮಣಿ ಎಣ್ಣೆ ಕಸಿಯಿತು.

ಆದರೂ ಸಂಜೆಯ ಕೆಂಡ ಇತ್ತು.

ರಮಜಾನಬಿ ಹೋದರು. ಭಟ್ಟಿ ಮಗನ ಕೈಗೆ ಬಂತು. ಒಂದು ದಿನ ಅಕ್ಬರಸಾಬರು ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದರು. ಮುಖ ಸಣ್ಣದು ಮಾಡಿಕೊಂಡಿದ್ದರು.

"ನೋಡ್ರಿ, ಎಲ್ಲೋ ದೂರದಾಗ ಎರಡು ದೇಶ ಬಡದಾಡಾಕತ್ತಾವು. ಡೀಸೆಲ್ ಏರೈತಿ. ಆಡೂರಿಂದ ಹೊಟ್ಟು ತರೋ ಗಾಡಿ ಬಾಡಿಗಿ ಏರೈತಿ. ಇಟ್ಟಂಗಿ ಭಟ್ಟಿಯವ್ರು ಹೊಟ್ಟು ಬಾಚಿಕೊಂಡ ಹೊಂಟಾರ. ನಾಕ ದಿನ ಟಾಯರ ಸುಡೂನು. ಡೀಸೆಲ್ ಇಳಿದ ದಿನಾನ ಹೊಟ್ಟು, ಕಟಿಗಿ ಎರಡೂ ತರಿಸ್ತೇನಿ. ಅಲ್ಲೀತನಕ ಸಬರ್ ಮಾಡ್ರಿ."

"ಅವ್ರು ಯಾಕ ಬಡದಾಡಾಕತ್ತಾರ್ರಿ?" ವೀರವ್ವ ಕೇಳಿದಳು.

"ನೆಲದ ಸಲುವಾಗಿ."

"ಹಂಗಾರ ನನ್ನ ಭಾವಗೋಳ ಹಂಗ ಅನ್ರಿ. ಅವ್ರ ಬಡದಾಡಿದಾಗೂ ನಮ್ಮನಿ ಗಡಿಗಿನ ಒಡೀತಾವು."

ಎಲ್ಲರೂ ನಕ್ಕರು. ಅಕ್ಬರಸಾಬರೂ ನಕ್ಕರು. ನಗುನಗುತ್ತಲೇ ಟಾಯರು ಒಳಗೆ ಬಂತು.

ಟಾಯರಿನ ಬೆಂಕಿಗೆ ಕೆಂಡವಿಲ್ಲ. ಉರಿಯುವಾಗ ಭೂತ ಬಂದ ಹಾಗೆ ಉರಿಯುತ್ತದೆ. ಮುಗಿದ ಮೇಲೆ ಉಳಿಯುವುದು ಸುರುಳಿ ಸುತ್ತಿದ ತಂತಿ, ಅಂಟು ಮಸಿ. ಆ ತಂತಿಯನ್ನೂ ಅಕ್ಬರಸಾಬರು ಗುಜರಿಗೆ ಮಾರುತ್ತಾರೆ. ನಾವು ದಿನವಿಡೀ ಬೆಂಕಿಯ ಮುಂದೆ ಬೇಯುತ್ತೇವೆ. ಸಂಜೆ ಮನೆಗೆ ಹೋದರೆ ಒಲೆ ತಣ್ಣಗೆ. ಬಂಕಾಪುರದ ಕಡೆ ಜಾಲಿ ಕಡಿಯಲು ಹೋದರೆ ಹೊಲದವರು ಕಲ್ಲು ಬೀಸುತ್ತಾರೆ. ಬಿದ್ದ ತೆಂಗಿನ ಗರಿ, ಹರಿದ ಚೀಲ, ಹಳೆಯ ಚಪ್ಪಲಿ, ಏನು ಸಿಕ್ಕರೆ ಅದು ಒಲೆಗೆ. ಅಲ್ಲೂ ಹೊಗೆ. ಇಲ್ಲೂ ಹೊಗೆ.

ನನಗೆ ಬುದ್ಧಿ ಕಡಿಮೆ ಇರಬಹುದು. ಆದರೆ ನಾನು ಎಷ್ಟು ಯೋಚಿಸಿದರೂ ಇದು ತಿಳಿಯಲಿಲ್ಲ. ಎಲ್ಲಿಯೋ ಗುಂಡು ಹಾರಿದರೆ ಆಡೂರಿನ ಹೊಟ್ಟಿನ ಬೆಲೆ ಯಾಕೆ ಏರಬೇಕು? ಆ ಭತ್ತ ಹಾನಗಲ್ಲಿನ ಗದ್ದೆಯದು. ಆ ಗಿರಣಿ ಇಲ್ಲಿಯದು. ಹೊಟ್ಟು ಸಮುದ್ರ ದಾಟಿ ಬರುವುದಿಲ್ಲವಲ್ಲ? ಕೇಳಿದರೆ ಎಲ್ಲರೂ ಡೀಸೆಲ್ ಅನ್ನುತ್ತಾರೆ. ಚಹಾದ ಕಪ್ಪು ಸಣ್ಣದಾಯಿತು, ಯಾಕೆ? ಡೀಸೆಲ್. ಬಸ್ಸಿನ ಟಿಕೆಟ್ಟು ಏರಿತು, ಯಾಕೆ? ಡೀಸೆಲ್. ಹೆಣ ಒಯ್ಯುವ ಗಾಡಿಯವನೂ ಡೀಸೆಲ್ ಅಂದ. ನಮ್ಮ ಕೂಲಿ ಯಾಕೆ ಏರಲಿಲ್ಲ? ಅದಕ್ಕೂ ಡೀಸೆಲ್. ನೀರು ತಗ್ಗಿನ ಕಡೆ ಹರಿಯುತ್ತದೆ, ಗೊತ್ತು. ಬೆಲೆಯೂ ಹಾಗೇ. ಏರಿದ ಬೆಲೆ ಎಲ್ಲೆಲ್ಲಿಂದಲೋ ಹರಿದು ಬಂದು ನಾವು ಕೂತ ತಗ್ಗಿನಲ್ಲಿ ನಿಲ್ಲುತ್ತದೆ.

ಆಗ ನಾನು ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಶಿಗ್ಗಾವಿಯಿಂದ ನೀಲಾಂಬಿಕಾ ಅನ್ನುವ ಟೀಚರು ಬರುತ್ತಿದ್ದರು. ಹೆಸರು ಬರೆಯುವುದು, ಬಸ್ಸಿನ ಬೋರ್ಡು ಓದುವುದು, ಕೂಡಿಸುವುದು, ಕಳೆಯುವುದು. ಕೊನೆಗೆ ಅರ್ಜಿ ಬರೆಯುವುದು. "ಸುಳ್ಳ ಅರ್ಜಿ ಬ್ಯಾಡ್ರಿ, ಖರೇನ ಏನ ತ್ರಾಸ ಐತಿ ಅದನ್ನ ಬರೀರಿ" ಅಂದರು. ನಾನು ಟಾಯರಿನ ಹೊಗೆಯ ಬಗ್ಗೆ ಬರೆದೆ. ಹಾವೇರಿಯ ದೊಡ್ಡ ಸಾಹೇಬರಿಗೆ. ಟೀಚರು ತಿದ್ದಲಿಲ್ಲ. ಎರಡು ಸಲ ಓದಿದರು. ಆಮೇಲೆ ಒಂದು ಲಕೋಟೆ ತಂದು, ವಿಳಾಸ ಬರೆದು, ಸ್ಟಾಂಪು ಹಚ್ಚಿ ನನ್ನ ಕೈಗೆ ಕೊಟ್ಟರು. "ಹಾಕೂದು ನಿಮ್ಮ ಕೆಲಸ" ಅಂದರು.

ಹಾಕಲಿಲ್ಲ. ರಮಜಾನ್ ಕಳೆಯಲಿ ಅಂದರು ಭಟ್ಟಿಯ ಹೆಣ್ಣುಮಕ್ಕಳು. ಸುಗ್ಗಿ ಮುಗಿಯಲಿ ಅಂದರು. ಮಾಸೂಮಾಳ ಮಗಳ ಮದುವೆ ಆಗಲಿ, ಈಗಲೇ ಕೆಲಸ ಹೋದರೆ ಹೇಗೆ ಅಂದರು. ಕೊನೆಗೆ ಎಲ್ಲರೂ ಸೇರಿ ಅಂದದ್ದು ಒಂದೇ ಮಾತು. ಡೀಸೆಲ್ ಇಳಿಯಲಿ. ಇಳಿದರೆ ಹೊಟ್ಟು ಬರುತ್ತದೆ, ಮತ್ತೆ ಅರ್ಜಿ ಯಾಕೆ? ಅದೂ ಸರಿ ಅನ್ನಿಸಿತು. ಲಕೋಟೆಯನ್ನು ಸಿಲಿಂಡರಿನ ಕೆಂಪು ಹೊದಿಕೆಯೊಳಗೆ ತುರುಕಿ ಇಟ್ಟೆ. ಮದುವೆ ಆಯಿತು. ಆ ಹುಡುಗಿಗೆ ಕೂಸೂ ಆಯಿತು. ಅಲ್ಲಿಯವರೆಗೂ ಬಂದವರೆಲ್ಲ ಆ ಅರ್ಜಿಯ ಮೇಲೆ ಕೂತು ಚಹಾ ಕುಡಿದು ಹೋದರು.

ಆವತ್ತು ಮಾಸೂಮಾ ಕೆಮ್ಮುತ್ತಿರುವಾಗಲೇ ರಮೀಜನ ಟೆಂಪೊ ಬಂತು. ಬಂಕಾಪುರದ ಹೈವೇ ಬದಿಯ ಪಂಕ್ಚರ್ ಅಂಗಡಿಗಳಿಂದ ಹಳೆಯ ಟಾಯರು ಆರಿಸಿ ತರುವವನು ಅವನೇ. ಒಳ್ಳೆಯ ಹುಡುಗ, ಬಾಯಿ ಮಾತ್ರ ಜೋರು.

"ಅಜ್ಜಿ, ಮಿರ್ಚಿ ತಿನ್ನು" ಅಂದು ಪೊಟ್ಟಣ ಕೊಟ್ಟ. ಬಿಚ್ಚಿದೆ. ಎಣ್ಣೆ ಹೀರಿದ ಪೇಪರು. ದಪ್ಪ ಅಕ್ಷರ. ಕಚ್ಚಾ ತೈಲದ ಬೆಲೆ ಕುಸಿತ. ಮತ್ತೊಮ್ಮೆ ಓದಿದೆ. ಕುಸಿತ ಅಂದರೆ ಬೀಳುವುದು. ನನಗೆ ಗೊತ್ತಿತ್ತು.

"ರಮೀಜ, ಇದು ಯಾವಾಗಿಂದು?"

"ಇವತ್ತಿಂದ. ಬಿಸಿ ಬಿಸಿ ಮಿರ್ಚಿಗೆ ಬಿಸಿ ಬಿಸಿ ಪೇಪರ."

ನಾನು ಜರಡಿ ಬಿಟ್ಟು ನಿಂತೆ. "ಏ ವೀರವ್ವ, ಏ ಮಾಸೂಮಾ, ಇಲ್ಲಿ ಕೇಳ್ರಿ. ಇಳಿದೈತಂತ! ಎಣ್ಣಿ ಇಳಿದೈತಿ!"

ಭತ್ತ ಒಣಗಿಸುತ್ತಿದ್ದವರೂ ಓಡಿ ಬಂದರು. ನಾನು ಗಟ್ಟಿಯಾಗಿ ಓದಿದೆ. ಮಾಸೂಮಾ ತಗ್ಗಿನಿಂದ ತಲೆ ಮೇಲೆತ್ತಿ ಕೇಳಿದಳು. ಮುಖದಲ್ಲಿ ಕಣ್ಣು ಮಾತ್ರ ಬೆಳ್ಳಗೆ.

"ಅಜ್ಜಿ," ರಮೀಜ ತಲೆ ಕೆರೆದುಕೊಂಡ, "ಪೇಪರದಾಗ ಇಳಿದದ್ದು ಪಂಪಿನಾಗ ಇಳಿಯಂಗಿಲ್ಲ. ನಾ ದಿನಾ ಹಾಕಸ್ತೇನಿ, ನನಗ ಗೊತ್ತಿಲ್ಲೇನು?"

"ಬಾಯಿ ಮುಚ್ಚಲೇ, ಒಳ್ಳೇ ಸುದ್ದಿ ಬಂದಾಗ ನರಿ ಊಳಿಟ್ಟಂಗ ಊಳಿಡಬ್ಯಾಡ" ಅಂದಳು ವೀರವ್ವ.

ಮರುದಿನ ನಾವು ಮಾಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಎಲ್ಲರೂ ಬೋಕಿ ತಂದಿದ್ದೆವು. ಎಷ್ಟೋ ದಿನದಿಂದ ಅಟ್ಟದ ಮೇಲೆ, ಕೋಳಿಗೂಡಿನಲ್ಲಿ ಬಿದ್ದಿದ್ದ ಬೋಕಿಗಳು. ತೊಳೆದು ತಂದಿದ್ದೆವು. ತಳಕ್ಕೆ ಬೂದಿ ಹಾಕಿಕೊಂಡು ತಂದಿದ್ದೆವು. ಮಾಸೂಮಾಳ ಬೋಕಿಯಲ್ಲಿ ಅವಳ ಮೊಮ್ಮಗು ಮಣ್ಣಾಟ ಆಡುತ್ತಿತ್ತು, ಅಳಿಸಿ ಕಸಿದುಕೊಂಡು ಬಂದಿದ್ದಳು. ಡೀಸೆಲ್ ಇಳಿದ ದಿನವೇ ಹೊಟ್ಟು, ಕಟ್ಟಿಗೆ ಅಂದಿದ್ದರಲ್ಲ? ಇಳಿಯಿತಲ್ಲ? ಇಷ್ಟೇ ನಮ್ಮ ಲೆಕ್ಕ. ಬೆಳಿಗ್ಗೆ ಟಾಯರೇ ಇತ್ತು. ಗಾಡಿ ಬರಲು ಹೊತ್ತಾಗಿರಬೇಕು ಅಂದುಕೊಂಡೆವು. ಸುಮ್ಮನೆ ದುಡಿದೆವು. ಬಿಸಿಲು ಇಳಿದಾಗ ಬೋಕಿಗಳನ್ನು ಗೋಡೆ ಬದಿಗೆ ಸಾಲಾಗಿ ಇಟ್ಟು ನಿಂತೆವು.

ಅಕ್ಬರಸಾಬರು ನಮಾಜು ಮುಗಿಸಿ ಬಂದರು. ಬೋಕಿ ಸಾಲು ನೋಡಿದರು.

"ಏನಿದು, ಕುಂಬಾರ ಸಂತಿ ಹೂಡೀರೇನು?"

"ಡೀಸೆಲ್ ಇಳಿದೈತ್ರಿ ಸಾಬ್ರ" ಅಂದೆ.

"ಯಾರ ಹೇಳಿದ್ರು?"

ಪೇಪರು ಕೊಟ್ಟೆ. ಎಣ್ಣೆ ಹತ್ತಿದ್ದಕ್ಕೆ ಎರಡೇ ಬೆರಳಲ್ಲಿ ಹಿಡಿದರು. ಓದಿ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದು ಕಚ್ಚಾದು, ಹಾಜರಾಬಿ. ನಾ ಕೊಳ್ಳೂದು ಪಕ್ಕಾದು."

"ಆವಾಗ ಏರಿದ್ದೂ ಕಚ್ಚಾದ ಅಲ್ಲೇನ್ರಿ? ಅದು ಮರುದಿನಾನ ನಮ್ಮ ಭಟ್ಟಿಗೆ ಬಂತು. ಇಳಿದದ್ದು ಯಾವ ದಾರ್ಯಾಗ ಕುಂತೈತಿ?"

"ಅದರ ಲೆಕ್ಕ ಬ್ಯಾರೆ. ಟ್ಯಾಕ್ಸ್ ಇರ್ತೈತಿ, ಡಾಲರ್ ಇರ್ತೈತಿ. ನಿಮಗ ತಿಳಿಯಂಗಿಲ್ಲ."

"ತಿಳಿಸಿ ಹೇಳ್ರಿ."

"ಹೇಳಿದ್ರ ತಿಳಿಯೋ ತಲಿ ಇದ್ದಿದ್ರ ನೀವು ಯಾಕ ಜರಡಿ ಹಿಡೀತಿದ್ರಿ? ನಾಕ ಅಕ್ಷರ ಕಲಿತ್ರ ಮಂತ್ರಿ ಆಗ್ತಾರೇನು?"

ಹಿಂದೆ ನಿಂತವರಲ್ಲಿ ಯಾರೋ ಮೆಲ್ಲಗೆ, "ಹಾಜರಕ್ಕನ ಅಕ್ಷರಕ್ಕ ಬೆಂಕಿ ಬೀಳ್ಲಿ, ಕೋಳಿಗೂಡಿನ ಬೋಕಿ ತೊಳದದ್ದ ಬಂತು" ಅಂದರು. ನನ್ನ ತಲೆ ತಗ್ಗಿತು. ಆದರೆ ಬಾಯಿ ನಿಲ್ಲಲಿಲ್ಲ.

"ಸಾಬ್ರ, ಲೆಕ್ಕ ಬಿಡ್ರಿ. ಒಂದ ಮಾತ ಹೇಳ್ರಿ. ಪಂಪಿನಾಗೂ ಇಳಿದ್ರ ಹೊಟ್ಟು ತರಿಸ್ತೀರಿ, ಹೌದಲ್ಲೋ?"

ಅಕ್ಬರಸಾಬರು ನನ್ನ ಮುಖ ನೋಡಿದರು. ಸಣ್ಣ ಮಗುವಿಗೆ ಬುದ್ಧಿ ಹೇಳುವವರ ಹಾಗೆ ದನಿ ಇಳಿಸಿದರು. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಹಾಜರಾಬಿ, ಟಾಯರ ಪುಗಸಟ್ಟೆ ಬರ್ತೈತಿ. ಸುಟ್ಟ ಮ್ಯಾಲ ತಂತಿಗೆ ರೊಕ್ಕ ಬರ್ತೈತಿ. ಡೀಸೆಲ್ ಇಳೀಲಿ, ಗಂಗಾಳದಾಗಿನ ನೀರಿನಷ್ಟ ಸಸ್ತಾ ಆಗ್ಲಿ. ನಾ ಯಾಕ ಹೊಟ್ಟು ಕೊಳ್ಳಲಿ? ನೀನ ಹೇಳು."

ಎಲ್ಲ ತಿಳಿಯಿತು. ಅಷ್ಟು ಕಾಲದಿಂದ ತಿಳಿಯದೆ ಇದ್ದದ್ದು ಒಂದೇ ಏಟಿಗೆ ತಿಳಿಯಿತು. ಯುದ್ಧವಲ್ಲ. ಡಾಲರ್ ಅಲ್ಲ. ಬೆಲೆ ಏರಿದ್ದು ಒಂದು ನೆಪ. ಆ ನೆಪದ ಬಾಗಿಲಿನಿಂದ ಟಾಯರು ಒಳಗೆ ಬಂತು. ಬಂದ ಮೇಲೆ ಬಾಗಿಲಿಗೆ ಅಗಳಿ ಬಿತ್ತು. ನಾವು ಹೊರಗೆ ಬೋಕಿ ಹಿಡಿದು ಬಾಗಿಲು ತೆರೆಯುತ್ತದೆಂದು ಕಾದೆವು. ಕಾಯುತ್ತ ಕಾಯುತ್ತ ಮಾಸೂಮಾಳ ಎದೆ ಕರ್ರಗಾಯಿತು.

"ನಿಮ್ಮ ಅವ್ವಾರು ಏನಂತಿದ್ರು ನೆನಪೈತೇನ್ರಿ? ನೀರು, ಹುಲ್ಲು, ಬೆಂಕಿ..."

"ಅವ್ವ ಭಾಳ ಅಂತಿದ್ಲು. ಅವ್ವ ಬಿಟ್ಟಹೋದ ಸಾಲಾನೂ ಭಾಳ ಇತ್ತು." ಈಗ ಸಿಟ್ಟು ಬಂತು. "ಕೆಂಡ ಬೇಕಲ್ಲ ನಿಮಗ? ಬೆಂಕಿಗೆ ಧಣಿ ಇಲ್ಲಲ್ಲ? ತಗೋರಿ."

ಇಕ್ಕಳ ತೆಗೆದುಕೊಂಡರು. ತಾಯಿಯ ಇಕ್ಕಳವೇ ಅದು. ಬೆಂಕಿಯ ಬಾಯಿಂದ ಉರಿಯುವ ಟಾಯರಿನ ತುಂಡೊಂದನ್ನು ಎಳೆದರು. ಎಲ್ಲರಿಗಿಂತ ಮುಂದಿದ್ದವಳು ಮಾಸೂಮಾ. ಅವಳು ಆಗಲೇ ತನ್ನ ಬೋಕಿ ಎತ್ತಿ ಕೈಯಲ್ಲಿ ಹಿಡಿದಿದ್ದಳು. ಅದಕ್ಕೇ ಹಾಕಿದರು. ಹಾಕಿ, "ಒಯ್ಯಿ, ರೊಟ್ಟಿ ಮಾಡು" ಅಂದರು.

ಬೋಕಿ ಟಪ್ ಅಂದು ಸೀಳಿತು. ಕರಗಿದ ರಬ್ಬರು ಉರಿಯುತ್ತಲೇ ಮಾಸೂಮಾಳ ಪಾದದ ಮೇಲೆ ಬಿತ್ತು. ಬಿಸಿನೀರಾದರೆ ಹರಿದು ಹೋಗುತ್ತದೆ. ರಬ್ಬರು ಹಿಡಿದುಕೊಳ್ಳುತ್ತದೆ. ಅವಳು ಕೂಗಿದ್ದು ಕೆಮ್ಮಿನಲ್ಲಿ ಮುರಿಯಿತು. ನಾವು ಮಣ್ಣು ಎರಚಿದೆವು, ಕೊಡ ಬಗ್ಗಿಸಿದೆವು. ಉರಿ ಆರಿತು. ರಬ್ಬರು ಚರ್ಮಕ್ಕೆ ಕೂತೇ ಬಿಟ್ಟಿತು.

ಅಕ್ಬರಸಾಬರೂ ಒಂದು ಗಳಿಗೆ ಬೆದರಿದರು. ನಿಜ. ಮುಖ ಬಿಳಿಚಿಕೊಂಡಿತು. ಆದರೆ ಬೆದರಿದ ಧಣಿ ತಪ್ಪಾಯಿತು ಅನ್ನುವುದಿಲ್ಲ. ಇನ್ನಷ್ಟು ಜೋರಾಗುತ್ತಾನೆ.

"ನೆಟ್ಟಗ ಹಿಡೀಬಾರದೇನು? ಹೋಗ್ಲಿ, ಮುಲಾಮ ಹಚ್ಚಿಕೊ. ಇನ್ನೂ ಅಕ್ಕಿ ಉಳದೈತಿ. ಉಸುಕು ಆರಾಕತ್ತೈತಿ. ತಗ್ಗಿಗೆ ಇಳೀರಿ ಯಾರರ, ಬೆಂಕಿ ಏರಸ್ರಿ."

ಮಾಸೂಮಾ ನೆಲದಲ್ಲಿ ಕೂತಿದ್ದಳು. ತಲೆ ಎತ್ತಿದಳು.

"ನಾ ಇಳಿಯಂಗಿಲ್ಲ."

ಅವಳು ಜನ್ಮದಲ್ಲಿ ಧಣಿಯ ಎದುರು ಆಡಿದ ಮೊದಲ ಮಾತು ಅದು. ಮೆಲ್ಲಗೆ ಆಡಿದಳು.

"ವೀರವ್ವ, ನೀ ಇಳಿ."

"ನಿಮ್ಮ ರೇಟ ಇಳಿಯಂಗಿಲ್ಲ. ನಾನೂ ಇಳಿಯಂಗಿಲ್ಲ." ವೀರವ್ವ ಜಾಲರಿಯನ್ನು ಕಡಾಯಿಯ ಉಸುಕಿನಲ್ಲಿ ಚುಚ್ಚಿ ಬಿಟ್ಟಳು. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ನಿಮ್ಮವ್ನ, ನಾನ ಹಾಕ್ತೇನಿ" ಅಂದು ಅಕ್ಬರಸಾಬರು ಅಂಗಿಯ ತೋಳು ಮಡಚಿದರು. ತಗ್ಗಿಗೆ ಇಳಿದು ಒಂದು ಟಾಯರು ಎತ್ತಿದರು. ಒಗೆದರು. ಹೊಗೆ ತಿರುಗಿ ಬಂದು ಮುಖಕ್ಕೆ ಹೊಡೆಯಿತು. ಕೆಮ್ಮಿದರು. ಇನ್ನೊಂದು ಎತ್ತಲು ಹೋಗಿ ಮತ್ತೆ ಕೆಮ್ಮಿದರು. ಕಣ್ಣುಜ್ಜಿಕೊಂಡರು. ಮೈತುಂಬ ಅತ್ತರು ಹಚ್ಚಿದ ಮನುಷ್ಯ. ಎರಡು ಟಾಯರಿಗೆ ಮುದುಕನ ಹಾಗೆ ಗೋಡೆ ಹಿಡಿದು ಮೇಲೆ ಬಂದರು.

ಭಟ್ಟಿಯ ಬೆಂಕಿಗೆ ನೀರು ಹಾಕಬಾರದು. ಅದು ನಮ್ಮ ಕಸುಬಿನ ಕಟ್ಟಳೆ. ಬೆಂಕಿ ತಾನಾಗಿ ಆರಬೇಕು. ರಮಜಾನಬಿ ನನಗೆ ಮೊದಲ ದಿನ ಹೇಳಿಕೊಟ್ಟದ್ದೇ ಅದು. ನೀರು ಬಿದ್ದರೆ ಭಟ್ಟಿ ಸೀಳುತ್ತದೆ, ಮನೆತನವೂ ಸೀಳುತ್ತದೆ ಅಂದಿದ್ದರು. ನನ್ನ ಪಕ್ಕದಲ್ಲಿ ಅಕ್ಕಿಗೆ ಹಾಕುವ ಉಪ್ಪುನೀರಿನ ಬಕೆಟ್ಟು ಇತ್ತು. ತುಂಬಿತ್ತು. ಎತ್ತಿದೆ. ನನ್ನ ಸೊಂಟದಲ್ಲಿ ಅಷ್ಟು ಬಲ ಇದೆ ಅಂತ ನನಗೇ ಗೊತ್ತಿರಲಿಲ್ಲ.

"ಏ ಅಕ್ಬರ, ಸರಿ ಬಾಜೂಕ" ಅಂದೆ.

ಸಾಬರು ಅನ್ನಲಿಲ್ಲ. ರೀ ಅನ್ನಲಿಲ್ಲ. ಚಡ್ಡಿ ಹಾಕಿಕೊಂಡು ಈ ಅಂಗಳದಲ್ಲಿ ಚುರುಮುರಿ ಕದಿಯುತ್ತಿದ್ದಾಗ ನಾನು ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ. ಅವನು ಆಗ ಸರಿಯುತ್ತಿದ್ದ ಹಾಗೆಯೇ ಈಗಲೂ ಸರಿದ.

ಸುರಿದೆ. ಬೆಂಕಿ ಕಿರುಚಿತು. ಬಿಳಿ ಹಬೆ ಎದ್ದಿತು, ಅದರ ಹಿಂದೆ ಕರಿ ಹೊಗೆ, ಆಮೇಲೆ ಬೂದಿ. ವೀರವ್ವ ಇನ್ನೊಂದು ಬಕೆಟ್ಟು ತಂದಳು. ಭತ್ತ ನೆನೆಸಿದ ನೀರನ್ನೂ ಯಾರೋ ತಂದರು. ಕಡಾಯಿಯ ಅಡಿಯಲ್ಲಿ ಏನೋ ಫಟ್ ಅಂದಿತು. ಒಂದು ಇಟ್ಟಂಗಿ ಬಿರಿದಿರಬೇಕು. ಬಿರಿಯಲಿ. ಎಷ್ಟು ಎದೆ ಬಿರಿದಿವೆ ಈ ಭಟ್ಟಿಯಲ್ಲಿ, ಇಟ್ಟಂಗಿ ಯಾವ ಲೆಕ್ಕ?

"ನಾಳೆಯಿಂದ ನೀವು ಒಬ್ಬರೂ ಬರಬ್ಯಾಡ್ರಿ!" ಅಕ್ಬರಸಾಬ ಹಬೆಯ ಆಚೆಯಿಂದ ಒದರಿದ. "ಬ್ಯಾರೆ ಹೆಂಗಸರನ್ನ ತರಸ್ತೇನಿ! ಹಿರೇಕೆರೂರಿಂದ ತರಸ್ತೇನಿ!"

"ತರಸು," ಅಂದೆ. "ಅವ್ರಿಗೂ ಮೂಗೈತಿ."

ಮಾಸೂಮಾಳನ್ನು, ಟಾಯರು ಇಳಿಸಲು ಬಂದಿದ್ದ ರಮೀಜನ ಟೆಂಪೊದಲ್ಲಿ ಹಾಕಿಕೊಂಡು ದವಾಖಾನೆಗೆ ಹೋದೆವು. ಬಾಡಿಗೆ ಎಷ್ಟು ಅಂತ ನಾನು ಕೇಳಿದರೆ ಅವನು ಅತ್ತಲಾಗಿ ಮುಖ ತಿರುಗಿಸಿದ. ನರ್ಸಮ್ಮ ಇಕ್ಕಳದಿಂದ ರಬ್ಬರು ಕಿತ್ತರು. ಚರ್ಮದ ಜೊತೆಗೇ ಬಂತು. ಮಾಸೂಮಾ ನನ್ನ ತೋಳು ಕಚ್ಚಿದಳು. ಆ ಗುರುತು ಇನ್ನೂ ಇದೆ. ಇರಲಿ.

ಮನೆಗೆ ಬಂದು ಸಿಲಿಂಡರಿನ ಮುಂದೆ ಕೂತೆ. ಕೆಂಪು ಹೊದಿಕೆ ಕಿತ್ತೆ. ಲಕೋಟೆ ಚಪ್ಪಟೆಯಾಗಿ ಸಿಲಿಂಡರಿನ ಮೈಗೆ ಅಂಟಿಕೊಂಡಿತ್ತು. ಬಾಯಿ ಅಂಟಿಸಿರಲಿಲ್ಲ. ಅರ್ಜಿ ತೆಗೆದು ಓದಿದೆ. ಎಷ್ಟು ವಿನಯ! ಮಾನ್ಯರೇ. ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ. ಕೊನೆಯಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಸಾಲು. 'ಡೀಸೆಲ್ ಬೆಲೆ ಇಳಿಯುವವರೆಗೆ ನಾವು ಕಾಯಲು ತಯಾರಿದ್ದೇವೆ.' ಅದರ ಕೆಳಗೆ, 'ಇಂತಿ, ಒಬ್ಬ ಬಡ ಹೆಂಗಸು.' ಹೆಸರಿಲ್ಲ. ಭಟ್ಟಿಯ ಹೆಸರೂ ಇಲ್ಲ. ಯಾವ ಬಡ ಹೆಂಗಸು? ಯಾವ ಭಟ್ಟಿ? ಸಾಹೇಬರು ಎಲ್ಲಿಗೆ ಬರಬೇಕು? ಅಂಜಿಕೆ ಬರೆದ ಅರ್ಜಿ ಅದು.

ಕಾಯುತ್ತೇವೆ ಅನ್ನುವ ಸಾಲನ್ನು ಹೊಡೆದು ಹಾಕಿದೆ. ಪೆನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದೆ. ಭಟ್ಟಿಯ ಹೆಸರು ಬರೆದೆ. ಧಣಿಯ ಹೆಸರು ಬರೆದೆ. ಮಾಸೂಮಾಳ ಕಾಲು ಹೇಗೆ ಸುಟ್ಟಿತು, ಯಾರ ಕೈಯಿಂದ ಸುಟ್ಟಿತು, ಬರೆದೆ. ಹೊಟ್ಟು, ಕಟ್ಟಿಗೆಯ ಬೆಂಕಿ ನಮಗೆ ವಾಪಸು ಬೇಕು ಅಂತ ಬರೆದೆ. ಬೇಡಿಕೊಳ್ಳುತ್ತೇವೆ ಅನ್ನಲಿಲ್ಲ. ಬೇಕು ಅಂದೆ. 'ಒಬ್ಬ ಬಡ ಹೆಂಗಸು' ಹೊಡೆದು, ಹಾಜರಾಬಿ ಅಂತ ಬರೆದೆ. ಗುಂಡಗೆ ಬಂತು.

ಬೆಳಿಗ್ಗೆ ವೀರವ್ವ ಬಂದಳು. ಹಿಂದೆ ಉಳಿದವರು. ನನ್ನ ಅಕ್ಷರಕ್ಕೆ ಬೆಂಕಿ ಬೀಳಲಿ ಅಂದವಳೂ ಬಂದಿದ್ದಳು. ಅವಳೇ ಮೊದಲು ಕೈ ಚಾಚಿದಳು. "ನನಗ ಬರಿಯಾಕ ಬರಂಗಿಲ್ಲ ಹಾಜರಕ್ಕ. ಹೆಬ್ಬಟ್ಟು ಒತ್ತಾಕ ಶಾಯಿ ಐತೇನು?"

"ಶಾಯಿ ಯಾಕಬೇ?" ವೀರವ್ವ ತನ್ನ ಬೆರಳು ತೋರಿಸಿದಳು. ಉಗುರಿನ ಸಂದಿನಲ್ಲಿ, ರೇಖೆ ರೇಖೆಯಲ್ಲಿ ಟಾಯರಿನ ಮಸಿ. ತೊಳೆದರೂ ಹೋಗದ ಮಸಿ. "ಸ್ವಲ್ಪ ಉಗುಳು ಹಚ್ಚು, ಸಾಕು."

ಒಬ್ಬೊಬ್ಬರೇ ಒತ್ತಿದರು. ಮೂಡಿತು. ಮಾಸೂಮಾ ಮಾತ್ರ ಪೆನ್ನು ಕೇಳಿದಳು, ಹೆಸರು ಬರೆಯುವಷ್ಟು ನಾನೇ ಕಲಿಸಿದ್ದೆ. ಕಾಲು ಚಾಚಿ ಕೂತು, ಕೆಮ್ಮಿಗೆ ನಿಲ್ಲಿಸಿ ನಿಲ್ಲಿಸಿ, ತನ್ನ ಹೆಸರು ತಾನೇ ಬರೆದಳು. ದೀರ್ಘ ಬಿಟ್ಟಳು. ನಾನು ತಿದ್ದಲಿಲ್ಲ.

ಪೋಸ್ಟಾಫೀಸಿನಲ್ಲಿ ಕಿಟಕಿಯ ಹಿಂದಿನ ಹುಡುಗ ಲಕೋಟೆಯನ್ನು ತಿರುಗಿಸಿ ನೋಡಿದ. ಅದರ ಬೆನ್ನ ಮೇಲೆ ತುಕ್ಕಿನ ಗೆರೆ.

"ಈ ಸ್ಟಾಂಪ ಸಾಲಂಗಿಲ್ಲ ಅಜ್ಜಿ. ಮುಟ್ಟಿದ್ದಕ್ಕ ಗುರುತು ಬೇಕಂದ್ರ ಸ್ಪೀಡ್ ಪೋಸ್ಟ್ ಮಾಡ್ರಿ. ರೇಟ ಏರೈತಿ."

"ಟಪಾಲಿಗೂ ಡೀಸೆಲ್ ಹಾಕ್ತೀರೇನು?"

"ಗಾಡಿ ಓಡಬೇಕಲ್ರಿ."

ಹಿಂದೆ ನಿಂತ ವೀರವ್ವ ಸೆರಗಿನ ಗಂಟು ಬಿಚ್ಚಿದಳು. ಇನ್ನೊಬ್ಬಳು ಬಿಚ್ಚಿದಳು. ಕಿಟಕಿಯ ಕಟ್ಟೆಯ ಮೇಲೆ ಚಿಲ್ಲರೆ ಗುಡ್ಡೆಯಾಯಿತು. ಹುಡುಗ ಎಣಿಸಿಕೊಂಡ. ಕಳಿಸುವವರ ಹೆಸರು ಬರೆಯಿರಿ ಅಂದ. ಬರೆದೆ. ಅವನಿಗೆ ಏನನ್ನಿಸಿತೋ, ದನಿ ಮೆತ್ತಗೆ ಮಾಡಿದ. "ಅರ್ಜಿ ಏನ್ರಿ? ಸರಕಾರದ ಕೆಲಸ, ಉತ್ತರ ಬರಾಕ ಭಾಳ ದಿನ ಹಿಡೀತೈತಿ. ಸಬೂರಿ ಮಾಡಬೇಕು ಅಜ್ಜಿ."

"ಅದು ಮುಗದೈತಪ್ಪಾ," ಅಂದೆ. "ನೀ ಮುದ್ರಿ ಹೊಡಿ."

ಹೊಡೆದ.